ಪಿಕಪ್ ಇಲ್ಲ ಅಂದ ತಕ್ಷಣ ಟರ್ಬೊ ಬಿಚ್ಚಬೇಡಿ

ಶಿವಮೊಗ್ಗದಿಂದ ಮಾತಾಡ್ತಿದ್ದೀನಿ, ಗ್ಯಾರೇಜ್ ಕೆಲಸದವನು. ಇವತ್ತಿನ ವಿಷಯ ಹಳೇ ಐಷಾರಾಮಿ ಕಾರು. ಬೆಂಗಳೂರಲ್ಲಿ ಹತ್ತು-ಹದಿನೈದು ವರ್ಷ ಓಡಿದ ಜರ್ಮನ್ ಡೀಸೆಲ್ ಕಾರು ನಮ್ಮ ಕಡೆ ಹೊಸ ಸಣ್ಣ ಕಾರಿನ ರೇಟಿಗೇ ಸಿಗತ್ತೆ. ಕೊಳ್ಳೋದು ಸುಲಭ. ಒಂದು ದಿನ ‘ಪಿಕಪ್ ಇಲ್ಲ, ಎಳೀತಿಲ್ಲ’ ಅಂತ ಬಂದು ನಿಂತಾಗ ಕಷ್ಟ ಶುರು.

ಹೋದ ಮಳೆಗಾಲದಲ್ಲಿ ಭದ್ರಾವತಿಯಿಂದ ಒಬ್ಬರು ಬಂದಿದ್ದರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಹೆಸರು ಬೇಡ, ಕಾರಿನ ಕಂಪನಿ ಹೆಸರೂ ಬೇಡ. ಈ ತೊಂದರೆ ಯಾವ ಹಳೇ ಟರ್ಬೊ ಡೀಸೆಲ್‌ಗೂ ಬರತ್ತೆ. ತರೀಕೆರೆ ಕಡೆ ಹೋಗ್ತಾ ಲಾರಿ ಓವರ್‌ಟೇಕ್ ಮಾಡೋವಾಗ, ಲಾರಿಯ ಪಕ್ಕದಲ್ಲೇ, ಗಾಡಿ ದಮ್ಮು ಕಳ್ಕೊಂಡಿದೆ. ಎದುರಿಗೆ ಬಸ್ಸು. ಹಿಂದೆ ಹೆಂಡತಿ, ಮೊಮ್ಮಗಳು. ಹೇಗೋ ಬ್ರೇಕ್ ಹಾಕಿ ಲಾರಿ ಹಿಂದಕ್ಕೆ ಸರಿದು ಬಚಾವಾದರು. ಸೈಡಿಗೆ ನಿಲ್ಲಿಸಿ ಆಫ್ ಮಾಡಿ ಆನ್ ಮಾಡಿದರೆ, ಏನೂ ಆಗದ ಹಾಗೆ ಓಡಿತಂತೆ!

ಬೇರೆ ಒಂದು ಕಡೆ ಸ್ಕ್ಯಾನರ್ ಹಾಕಿದಾಗ ‘ಟರ್ಬೊ ಪ್ರೆಶರ್ ಕಡಿಮೆ’ ಅಂತ ಕೋಡ್ ಬಂದಿತ್ತು. ಟರ್ಬೊ ಬದಲಾಯಿಸಿ, ಒಂದೂವರೆ ಲಕ್ಷ ಅಂದಿದ್ದರು. ಕಾರು ಕೊಂಡಿದ್ದೇ ನಾಲ್ಕೂವರೆ ಲಕ್ಷಕ್ಕೆ, ಪಿಎಫ್ ದುಡ್ಡಲ್ಲಿ. ‘ಗುಜರಿಗೆ ಹಾಕಿಬಿಡ್ಲಾ ಹೇಳಿ ಮಾರಾಯ್ರೆ’ ಅಂದರು.

ನೋಡಿ, ಥರ್ಮಾಮೀಟರ್ 102 ಡಿಗ್ರಿ ತೋರಿಸತ್ತೆ. ಡೆಂಗಿಯೋ ಟೈಫಾಯ್ಡೋ ಹೇಳಲ್ಲ. ಸ್ಕ್ಯಾನರ್ ಕೋಡ್ ಅಷ್ಟೇ. ಕೇಳಿದಷ್ಟು ಗಾಳಿಯ ಒತ್ತಡ ಬರ್ತಿಲ್ಲ ಅಂತ ಕಂಪ್ಯೂಟರ್ ಹೇಳ್ತು, ಎಂಜಿನ್ ಕೆಡಬಾರದು ಅಂತ ಶಕ್ತಿ ಇಳಿಸ್ತು. ಇದಕ್ಕೇ ಲಿಂಪ್ ಮೋಡ್ ಅನ್ನೋದು. ಯಾಕೆ ಬರ್ತಿಲ್ಲ ಅಂತ ಹುಡುಕಬೇಕಾದವರು ನಾವು.

ನಾನು ಮೊದಲು ಕೇಳಿದ್ದು ಒಂದೇ: ಆಗ ಆರ್‌ಪಿಎಂ ಮುಳ್ಳು ಎಲ್ಲಿತ್ತು? ಮುಳ್ಳು ಏರಿ ಸ್ಪೀಡ್ ಏರದಿದ್ದರೆ ಗೇರ್‌ಬಾಕ್ಸ್ ನೋಡಬೇಕು. ಮುಳ್ಳೇ 3,000ದ ಹತ್ತಿರ ನಿಂತುಬಿಟ್ಟರೆ ಎಂಜಿನ್ ಕಡೆ. ಇವರದ್ದು ಎರಡನೇದು. ಜೊತೆಗೆ, ಗಾಡಿ ಸಾಯೋ ಮುಂಚೆ ಕನ್ನಡೀಲಿ ಕಪ್ಪು ಹೊಗೆ ಕಂಡಿದ್ದರಂತೆ. ನಮ್ಮ ಹಿರಿಯ ಮೇಸ್ತ್ರಿಗಳು ಮೈಕೋ ಪಂಪ್ ಕಾಲದವರು, ಹೊಗೆ ನೋಡಿಯೇ ಅರ್ಧ ರೋಗ ಹೇಳೋರು. 1997ರಲ್ಲಿ ಕಾಮನ್ ರೈಲ್ ಕಾರಿಗೆ ಬಂದ ಮೇಲೆ ಆ ವಿದ್ಯೆ ಹೋಯ್ತು ಅಂತಾರೆ. ನಾನು ಒಪ್ಪಲ್ಲ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡರೆ ಶಕ್ತಿ ಹೋಗತ್ತೆ, ಕಪ್ಪು ಹೊಗೆ ಬರಲ್ಲ. ಕಪ್ಪು ಹೊಗೆ ಅಂದರೆ ಡೀಸೆಲ್ ಇದೆ, ಗಾಳಿ ಸಾಲ್ತಿಲ್ಲ.

ಎಂಜಿನ್ ಆಫ್, ಕೀ ಮಾತ್ರ ಆನ್ ಮಾಡಿ ಪ್ರೆಶರ್ ಸೆನ್ಸರ್ ಓದಿದೆ. ಶಿವಮೊಗ್ಗ ಸಮುದ್ರಮಟ್ಟಕ್ಕಿಂತ ಸುಮಾರು 570 ಮೀಟರ್ ಎತ್ತರದಲ್ಲಿದೆ, ಹಾಗಾಗಿ 950 ಮಿಲಿಬಾರ್ ಆಸುಪಾಸು ತೋರಿಸಬೇಕು. ತೋರಿಸ್ತು. ಸೆನ್ಸರ್ ಸುಳ್ಳು ಹೇಳ್ತಿಲ್ಲ. ಆಮೇಲೆ ಆಯನೂರು ದಾಟಿ, ಖಾಲಿ ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ ಫುಲ್ ಆಕ್ಸಿಲರೇಟರ್. ಹುಡುಗ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ. ಮೆಲ್ಲಗೆ ಹೋಗೋವಾಗ ಕೇಳಿದ ಒತ್ತಡ, ಬಂದ ಒತ್ತಡ ಎರಡೂ ಒಂದೇ. ಭಾರ ಬಿದ್ದ ತಕ್ಷಣ ಕೇಳಿದ್ದು 2,200, ಬಂದದ್ದು 1,600. ಗಾಳಿ ಅಳೆಯೋ ಏರ್ ಫ್ಲೋ ಸೆನ್ಸರ್ ಮಾತ್ರ ಬೇಕಾದಷ್ಟು ಗಾಳಿ ಒಳಗೆ ಹೋಗ್ತಿದೆ ಅಂತಿತ್ತು. ಅಂದರೆ ಟರ್ಬೊ ಗಾಳಿ ಎಳೀತಿದೆ, ಎಂಜಿನ್‌ಗೆ ಮುಟ್ಟೋ ಮೊದಲೇ ದಾರಿಯಲ್ಲಿ ಸೋರ್ತಿದೆ. ಲೆಕ್ಕದಲ್ಲಿದ್ದ ಗಾಳಿಗೆ ತಕ್ಕಂತೆ ಡೀಸೆಲ್ ಬಿಡ್ತಾರೆ, ಗಾಳಿ ಇಲ್ಲ, ಅದಕ್ಕೇ ಆ ಹೊಗೆ.

ಸ್ಮೋಕ್ ಮಷೀನಲ್ಲಿ ಏನೂ ಸಿಗಲಿಲ್ಲ. ಅದರ ಒತ್ತಡ ತೀರಾ ಕಡಿಮೆ, ಬಿರುಕು ಬಾಯಿ ಬಿಡೋದೇ ಇಲ್ಲ. ಆಗ ಭದ್ರಾವತಿಯ ಹಳೇ ಲೇತ್ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ ಆ ಊರಿಗೆ ಕೊಟ್ಟ ಕೈಗಳು ಅವು, ಬೇರೆಲ್ಲೂ ಸುಲಭಕ್ಕೆ ಸಿಗಲ್ಲ. ಟರ್ಬೊ ಬಾಯಿಗೆ ಬಿಗಿಯಾಗಿ ಕೂರೋ ಅಲ್ಯೂಮಿನಿಯಂ ಬಿರಡೆ, ಮಧ್ಯೆ ಟ್ಯೂಬ್ ವಾಲ್ವ್, ಒಂದು ಗಂಟೆಯಲ್ಲಿ ತಿರುಗಿಸಿ ಕೊಟ್ಟರು. ಕಂಪ್ರೆಸರ್‌ಗೆ ರೆಗ್ಯುಲೇಟರ್ ಹಾಕಿ ಒಂದು ಬಾರ್‌ಗೆ ಕಟ್ಟಿ ಗಾಳಿ ತುಂಬಿದೆ. (ಹೆಚ್ಚು ಬಿಡಬೇಡಿ, ಸೀಲ್ ಹೋಗತ್ತೆ, ಪೈಪ್ ಕಳಚಿದರೆ ಮುಖಕ್ಕೇ ಬಡಿಯತ್ತೆ.) ಪಂಚರ್ ಅಂಗಡಿಯವರ ಹಾಗೆ ಸೋಪಿನ ನೀರು ಹಚ್ಚುತ್ತಾ ಬಂದೆ. ಇಂಟರ್‌ಕೂಲರ್‌ನಿಂದ ಎಂಜಿನ್‌ಗೆ ಹೋಗೋ ರಬ್ಬರ್ ಹೋಸ್, ಅದರ ತಳಭಾಗ, ಕ್ಲಾಂಪ್ ಪಕ್ಕ: ಬೆರಳುದ್ದ ಸೀಳು. ಮೇಲಿಂದ ನೋಡಿದರೆ ಹೊಸದರ ಹಾಗಿತ್ತು.

ಹೋಸ್, ಎರಡು ಕ್ಲಾಂಪ್, ಕೂಲಿ ಸೇರಿ ಒಂಬತ್ತು ಸಾವಿರ ಆಯ್ತು. ಆದರೆ ಹೋಸ್ ಹಾಕಿ ಕಳಿಸಿದರೆ ಅರ್ಧ ಕೆಲಸ. ರಬ್ಬರ್ ಮೆತ್ತಗಾಗಿದ್ದು ಎಣ್ಣೆಯಿಂದ. ಎಂಜಿನ್ ಬ್ರೀದರ್ ಕಟ್ಟಿಕೊಂಡು ಎಣ್ಣೆಯ ಆವಿಯನ್ನ ಈ ದಾರಿಗೆ ತಳ್ತಿತ್ತು. ಅದನ್ನ ಬದಲಾಯಿಸಿ, ಇಂಟರ್‌ಕೂಲರ್ ಇಳಿಸಿ ಎಣ್ಣೆ ಬಸಿದೆ. ಟರ್ಬೊ ಶಾಫ್ಟ್ ಕೈಯಲ್ಲಿ ಅಲ್ಲಾಡಿಸಿ ನೋಡಿದೆ, ಗಟ್ಟಿಯಾಗಿತ್ತು. ಮತ್ತೆ ಅದೇ ರಸ್ತೆ, ಅದೇ ಗೇರ್: ಕೇಳಿದ್ದು 2,200, ಬಂದದ್ದು 2,180.

ನಿಮ್ಮ ಗಾಡಿಯೂ ಹೀಗೆ ಮಾಡ್ತಿದ್ದರೆ ಕೋಡ್ ಅಳಿಸಿಕೊಂಡು ಬರಬೇಡಿ. ಆರ್‌ಪಿಎಂ ಎಷ್ಟಿತ್ತು, ಏರಿತ್ತಾ, ಹೊಗೆ ಯಾವ ಬಣ್ಣ, ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಅಲ್ಲೀವರೆಗೆ ದಯವಿಟ್ಟು ಓವರ್‌ಟೇಕ್ ಮಾಡಬೇಡಿ.