ನೂರು ದಿನದ ಕೂಲಿ



ತಪ್ಪು ಮಾಡಿದವನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕೇ ಎಂದು ಶಿಷ್ಯ ಪೇತ್ರ ಯೇಸುವನ್ನು ಕೇಳುತ್ತಾನೆ. ಏಳು ಎನ್ನುವಾಗ ತಾನು ಧಾರಾಳಿ ಎಂದೇ ಅಂದುಕೊಂಡಿದ್ದನೋ ಏನೋ! ಯೇಸು ಅದನ್ನು ಏಳೆಪ್ಪತ್ತಕ್ಕೆ ಏರಿಸಿ, ಒಬ್ಬ ಸಾಲಗಾರನ ಕತೆ ಹೇಳುತ್ತಾರೆ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ ಇದು.

ಒಬ್ಬ ಸೇವಕ ಅರಸನಿಗೆ 10,000 ತಲಾಂತು ಕೊಡಬೇಕು. ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಒಂದು ದಿನಾರಿ ಆಳಿನ ಒಂದು ದಿನದ ಕೂಲಿ. ಆರು ಕೋಟಿ ದಿನ ದುಡಿದರಷ್ಟೇ ತೀರುವ ಸಾಲ. ಕಾಲಿಗೆ ಬಿದ್ದಾಗ ಅರಸ ಅಷ್ಟನ್ನೂ ಬಿಟ್ಟುಬಿಡುತ್ತಾನೆ. ಇವನೋ, ಹೊರಗೆ ಬಂದವನೇ 100 ದಿನಾರಿಗಾಗಿ ಜೊತೆಯ ಸೇವಕನ ಕುತ್ತಿಗೆ ಹಿಡಿಯುತ್ತಾನೆ. ಸುದ್ದಿ ಅರಸನ ಕಿವಿಗೆ ಬೀಳುತ್ತದೆ. ಸಿಕ್ಕಿದ್ದ ಕ್ಷಮೆಯೂ ಹೋಗುತ್ತದೆ.

ಪ್ರಸಂಗ ಮಾಡುವವರು ಆ ನೂರು ದಿನಾರಿಯನ್ನು ಪುಡಿಗಾಸು ಅನ್ನುವುದುಂಟು. ನನಗೆ ಒಪ್ಪಿಗೆಯಿಲ್ಲ. ಮೂರು ತಿಂಗಳಿಗೂ ಮಿಕ್ಕಿದ ಕೂಲಿ ಅದು; ಕೂಲಿಯವರ ಮನೆಯಲ್ಲಿ ಒಲೆ ಆರುವಷ್ಟು ದೊಡ್ಡ ಮೊತ್ತ. ನಿನಗಾದ ನೋವು ಸಣ್ಣದು ಎಂದು ಈ ಕತೆ ಎಲ್ಲೂ ಹೇಳುವುದಿಲ್ಲ. ಅದೇ ಅಧ್ಯಾಯದಲ್ಲಿ, ಕತೆಗೆ ತುಸು ಮುಂಚೆ, ತಪ್ಪು ಮಾಡಿದವನ ಬಳಿಗೆ ಹೋಗಿ ತಪ್ಪನ್ನು ಮುಖಾಮುಖಿ ಹೇಳು ಎಂಬ ಮಾತೂ ಇದೆ. ಪೆಟ್ಟು ತಿಂದು ತವರಿಗೆ ಬಂದ ಹೆಣ್ಣುಮಗಳಿಗೆ, 'ಹೋಗಲಿ ಬಿಡಮ್ಮಾ, ಕ್ಷಮಿಸಿಬಿಡು' ಎಂದು ಅಕ್ಕಪಕ್ಕದವರು ಸಲೀಸಾಗಿ ಹೇಳಿಬಿಡುತ್ತಾರಲ್ಲ, ಅವರಿಗೆ ಈ ಕತೆಯಲ್ಲಿ ಪಾತ್ರವೇ ಇಲ್ಲ. ಸಾಲ ಬಿಡುವ ಹಕ್ಕು ಕೊಟ್ಟವನದು, ನಷ್ಟವೂ ಅವನದೇ.

ಆ ನಷ್ಟವನ್ನು ಹೊತ್ತ ಮನೆಯೊಂದು ಕೇರಳದ ಪುಲ್ಲುವಳಿಯಲ್ಲಿದೆ. ಆ ಮನೆಯ ಮಗಳು ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಉದಯನಗರದಲ್ಲಿ, ಸಾಹುಕಾರರ ಬಡ್ಡಿಗೆ ಸಿಕ್ಕಿಬಿದ್ದ ಆದಿವಾಸಿಗಳ ನಡುವೆ ಕೆಲಸ ಮಾಡುತ್ತಿದ್ದರು. ಅದನ್ನು ಸಹಿಸದವರು ಆಳು ಬಿಟ್ಟು ಕೊಲ್ಲಿಸಿದರು. 1995ರ ಫೆಬ್ರವರಿ 25ರಂದು, ಇಂದೋರ್‌ ಕಡೆ ಹೊರಟಿದ್ದ ಬಸ್ಸಿನಲ್ಲಿ, ಪ್ರಯಾಣಿಕರ ಕಣ್ಣೆದುರೇ ಆ ಆಳು ಅವರನ್ನು ಚೂರಿಯಿಂದ ಇರಿದ. ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು.

2002ರ ರಕ್ಷಾಬಂಧನದ ದಿನ ರಾಣಿ ಮರಿಯಾರ ತಂಗಿ, ಅವರೂ ಸನ್ಯಾಸಿನಿಯೇ, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಚೂರಿ ಹಿಡಿದದ್ದೂ ಅದೇ ಕೈ. ಮುಂದೆ ಅವನನ್ನು ಕಂಡ ತಾಯಿ ಆ ಕೈಗೆ ಮುತ್ತಿಟ್ಟರು: ಮಗಳ ರಕ್ತ ಅಂಟಿದ ಕೈ ಎಂದು ತಿಳಿದೇ, ಅದಕ್ಕಾಗಿಯೇ.

ಏನೂ ಆಗಿಲ್ಲ ಎಂದು ಆ ಮನೆಯವರು ಹೇಳಲಿಲ್ಲ. ರಾಖಿ ಕಟ್ಟುವ ಹೊತ್ತಿಗೆ ಅವನು ಜೈಲಿನಲ್ಲಿ ವರ್ಷಗಳನ್ನು ಕಳೆದಿದ್ದ, ಆಮೇಲೂ ಕಳೆದ. ಇನ್ನು ಸಾಕು, ಬಿಟ್ಟುಬಿಡಿ ಎಂದು ಸರ್ಕಾರವನ್ನು ಕೇಳಿಕೊಂಡವರಲ್ಲಿ ಆ ಮನೆಯವರೂ ಇದ್ದರು. 2006ರಲ್ಲಿ ಅವನ ಬಿಡುಗಡೆಯಾಯಿತು. ಆಮೇಲೆ ಅವನು ಪುಲ್ಲುವಳಿಗೂ ಹೋದ, ಅವರ ಮನೆಗೇ.