ತರಗಿನ ಬೆಂಕಿ ಯಾರ ಕೈಲಿರಬೇಕು?

(ಕಾಡಂಚಿನ ಕೇರಿಯೊಂದರ ಸಭೆಯಲ್ಲಿ ಆಡಿದ ಮಾತು)



ಬೆಂಕಿ ಅಂದ ಕೂಡಲೇ ನಮ್ಮ ಕೇರಿಗಳಿಗೆ ನೆನಪಾಗುವುದು ಕಾಡಲ್ಲ, ಗುಡಿಸಲು. 1968ರಲ್ಲಿ ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ ಕೂಲಿ ಹೋರಾಟಕ್ಕಿಳಿದ ದಲಿತರ 44 ಜನರನ್ನು ಗುಡಿಸಲಿನೊಳಗೇ ಸುಟ್ಟರು. 2000ದ ಮಾರ್ಚಿನಲ್ಲಿ ನಮ್ಮದೇ ನಾಡಿನ ಕಂಬಾಲಪಲ್ಲಿಯಲ್ಲಿ ಏಳು ಜನರನ್ನು ಜೀವಂತ ಸುಟ್ಟರು. 2006ರಲ್ಲಿ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು. 2014ರಲ್ಲಿ ಹೈಕೋರ್ಟೂ ಆ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಇಂಥ ಬೆಂಕಿ ಕಂಡ ನಾವು ಇವತ್ತು ಇನ್ನೊಂದು ಬೆಂಕಿಯ ಪರವಾಗಿ ಮಾತಾಡೋಕೆ ನಿಂತಿದ್ದೀವಿ. ಯಾಕೆ ಅಂತ ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಕಾಡಿಗೆ ತರಗು ಬೆಂಕಿ ಇಡುತ್ತಿದ್ದರು. ಕಾಡು ಸುಡೋ ಬೆಂಕಿಯಲ್ಲ ಅದು, ಬರೀ ತರಗೆಲೆ ಸುಡೋ ಬೆಂಕಿ. ಜನವರಿ, ಫೆಬ್ರವರಿಯಲ್ಲಿ, ಅಂದರೆ ಬೇಸಿಗೆ ಬಲಿಯುವ ಮುಂಚೆ, ನೆಲದಲ್ಲಿ ಇನ್ನೂ ತೇವ ಇರುತ್ತದೆ, ಮರದಲ್ಲಿ ಹಸಿ ಇರುತ್ತದೆ. ಆಗ ಇಟ್ಟ ಬೆಂಕಿ ಮೊಣಕಾಲಿಗಿಂತ ಮೇಲೆ ಏಳದೆ ತರಗು ತಿಂದುಕೊಂಡು ಹೋಗುತ್ತದೆ. ದೊಡ್ಡ ಮರಕ್ಕೆ ಏನೂ ಆಗಲ್ಲ. ಉಣ್ಣಿ ಸಾಯುತ್ತದೆ. ಮುಂಗಾರು ಮುನ್ನಿನ ಮಳೆ ಬಿದ್ದರೆ ಕರಿ ನೆಲದಿಂದ ಎಳೆ ಹುಲ್ಲು ಏಳುತ್ತದೆ. ಜಿಂಕೆ, ಕಡವೆ, ಕಾಟಿ ಆ ಹುಲ್ಲಿಗೆ ಬರುತ್ತವೆ. ಅವುಗಳ ಹಿಂದೆ ಹುಲಿಯೂ ಬರುತ್ತದೆ. ನೆಲ್ಲಿ ಮರದ ರಸ ಹೀರುವ ಬದನಿಕೆಗೆ ಸೋಲಿಗರು ಉಪ್ಪಿಲು ಅನ್ನುತ್ತಾರೆ. ಅದನ್ನೂ ಈ ಬೆಂಕಿ ಅಂಕೆಯಲ್ಲಿ ಇಡುತ್ತಿತ್ತು ಅನ್ನೋದು ಅವರ ಅನುಭವ.

ಆಮೇಲೆ ಕಾನೂನು ಬಂತು. 1972ರ ವನ್ಯಜೀವಿ ರಕ್ಷಣಾ ಕಾಯಿದೆಯ 30ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದಲ್ಲಿ ಬೆಂಕಿ ಇಡುವುದು ಅಪರಾಧ. 1974ರಲ್ಲಿ ಆ ಬೆಟ್ಟ ಅಭಯಾರಣ್ಯ ಆಯಿತು. ಕಾಡೊಳಗಿನ ಪೋಡುಗಳನ್ನು ಎಬ್ಬಿಸಿ ತಂದು ಒಂದೊಂದು ಕಡೆ ಕೂರಿಸಿದರು. ತರಗು ಬೆಂಕಿ ಆರಿತು. ಜೊತೆಗೆ ಒಂದು ಪದವೂ ಹುಟ್ಟಿತು: ಕಾಡು ಸುಡುವವರು. ನಾವೂ ಆ ಮಾತನ್ನು ನಂಬಿದ್ದೆವು ಅಂತ ಇಲ್ಲಿ ಒಪ್ಪಿಕೊಳ್ಳಬೇಕು. ಕೇರಿಯವರು ಕೊಳಕರು ಅಂತ ಊರಿನವರು ಹೇಳಿದಾಗ ಸಿಟ್ಟಾಗುವ ನಾವು, ಪೋಡಿನವರು ಕಾಡು ಸುಡುತ್ತಾರೆ ಅಂದಾಗ ತಲೆಯಾಡಿಸಿದೆವು.

ಬೆಂಕಿ ನಿಂತ ಮೇಲೆ ಕಾಡು ಉದ್ಧಾರ ಆಯಿತೇ? ಲಂಟಾನ ಗಿಡ ನಮ್ಮದಲ್ಲ. ಹೂವಿನ ಅಂದಕ್ಕೆ ಅಂತ ಬ್ರಿಟಿಷರ ಕಾಲದಲ್ಲಿ ಅಮೆರಿಕದ ಕಡೆಯಿಂದ ಬಂದದ್ದು. ಅದು ಎಳೆಯದಾಗಿದ್ದಾಗ ತರಗು ಬೆಂಕಿ ಅದನ್ನು ಸುಟ್ಟು ಹಾಕುತ್ತಿತ್ತು ಅಂತ ಸೋಲಿಗರು ಹೇಳುತ್ತಾ ಬಂದರು. ವಿಜ್ಞಾನಿಗಳು ಬೆಟ್ಟದಲ್ಲಿ ಜಾಗ ಗುರುತು ಮಾಡಿ 1997ರಲ್ಲೂ 2008ರಲ್ಲೂ ಎಣಿಸಿದರು. ಮೊದಲು ನೂರಕ್ಕೆ ಸುಮಾರು 40 ಜಾಗದಲ್ಲಿ ಲಂಟಾನ ಇತ್ತು, ಆಮೇಲೆ ಸುಮಾರು 80ರಲ್ಲಿ. ಅದರಡಿ ಹುಲ್ಲು ಬೆಳೆಯಲ್ಲ. ಹುಲ್ಲಿಲ್ಲದ ಪ್ರಾಣಿ ಎಲ್ಲಿಗೆ ಹೋಗಬೇಕು? ನಮ್ಮ ರಾಗಿ ಹೊಲಕ್ಕೆ. ರಾತ್ರಿ ಅಟ್ಟಣೆ ಮೇಲೆ ಕೂತು ತಮಟೆ ಬಡಿಯೋರು ಯಾರು? ನಾವೇ.

ಇನ್ನೊಂದು ಅಪಾಯ ಇದೆ. ವರ್ಷಗಟ್ಟಲೆ ಸುಡದ ತರಗು, ಒಣಗಿದ ಲಂಟಾನ ಸೇರಿಕೊಂಡರೆ ಅದು ಪೇರಿಸಿಟ್ಟ ಸೌದೆ. ಅಲ್ಲಿಗೆ ಕಿಡಿ ಬಿದ್ದರೆ ಬೆಂಕಿ ಪೊದೆ ಹಿಡಿದು ಮರದ ತಲೆಗೆ ಏರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಹೋಯಿತು. ಅಂಥ ಹೊತ್ತಿನಲ್ಲಿ ಹಸಿ ಸೊಪ್ಪಿನ ಕೊಂಬೆ ಹಿಡಿದು ಉರಿಗೆ ಎದುರು ನಿಲ್ಲುವವರು ಪೋಡಿನ ಹುಡುಗರು, ಕೇರಿಯ ಹುಡುಗರು. ಮೂರು ತಿಂಗಳ ದಿನಗೂಲಿ. ಬೆಂಕಿ ಆರಿಸೋಕೆ ನಮ್ಮ ಕೈ ಬೇಕು, ಬೆಂಕಿ ಬಗ್ಗೆ ನಮ್ಮ ಮಾತು ಬೇಡ.

ಬೆಂಕಿಯೇ ಪಾಪ ಅಂತಾದರೆ ಎಲ್ಲರಿಗೂ ಪಾಪ ಆಗಬೇಕು. ಬ್ರಿಟಿಷರು ಅಸ್ಸಾಂ, ಬಂಗಾಳದ ಸಾಲ್ ಕಾಡುಗಳಲ್ಲಿ ಬೆಂಕಿ ತಡೆದು ನೋಡಿದರು. ಹೊಸ ಸಾಲ್ ಸಸಿ ಮೇಲೇಳಲಿಲ್ಲ. ಕೊನೆಗೆ ಅವರೇ ಬೆಂಕಿ ಇಡಬೇಕಾಯಿತು. ಕಾಜಿರಂಗದಲ್ಲಿ ಆಳೆತ್ತರದ ಹುಲ್ಲಿಗೆ ಇಲಾಖೆಯೇ ಚಳಿಗಾಲ ಮುಗಿಯುವ ಹೊತ್ತಿಗೆ ಬೆಂಕಿ ಇಡುತ್ತದೆ. ಇಡದಿದ್ದರೆ ಹುಲ್ಲುಗಾವಲು ಪೊದೆಯಾಗುತ್ತದೆ, ಘೇಂಡಾಮೃಗಕ್ಕೆ ಎಳೆ ಹುಲ್ಲು ಸಿಗಲ್ಲ. ನಮ್ಮ ಕಾಡುಗಳಲ್ಲೂ ಇಲಾಖೆ ಬೆಂಕಿ ರೇಖೆ ಸುಡುತ್ತದೆ. ಸಾಹೇಬರು ಇಟ್ಟರೆ ಅದು ನಿರ್ವಹಣೆ, ಸೋಲಿಗ ಇಟ್ಟರೆ ಕೇಸು! ಒಂದೇ ನೀರು ಒಬ್ಬ ಮುಟ್ಟಿದರೆ ತೀರ್ಥ, ಇನ್ನೊಬ್ಬ ಮುಟ್ಟಿದರೆ ಮೈಲಿಗೆ ಅನ್ನುವ ಲೆಕ್ಕ ನಮಗೆ ಗೊತ್ತಿಲ್ಲದ್ದೇ?

ಹಾಗಂತ ನಾಳೆಯೇ ಬೆಂಕಿಪೊಟ್ಟಣ ಹಿಡಿದು ಹೋಗಿ ಅಂತ ನಾವು ಹೇಳುತ್ತಿಲ್ಲ. ಹಾಗೆ ಯಾರೂ ಮಾಡಬಾರದು. ಲಂಟಾನ ತುಂಬಿದ ಕಾಡಿಗೆ ಈಗ ಬೆಂಕಿ ಇಟ್ಟರೆ ಹಳೆಯ ತರಗು ಬೆಂಕಿ ಆಗಲ್ಲ, ಅನಾಹುತ ಆಗುತ್ತದೆ. ಒಂದೇ ಜಾಗವನ್ನು ಪದೇ ಪದೇ ಸುಟ್ಟರೆ ಎಳೆ ಸಸಿ ಉಳಿಯಲ್ಲ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಯನ್ನೂ ನೋಡಬೇಕು. ಮಾರ್ಚ್, ಏಪ್ರಿಲಿನ ಬೆಂಕಿ ಬೇಡವೇ ಬೇಡ. ಮೊದಲು ಲಂಟಾನವನ್ನು ಬೇರು ಸಮೇತ ಕೀಳಬೇಕು, ಆಮೇಲೆ ಚಿಕ್ಕ ಚಿಕ್ಕ ತುಂಡುಗಳಲ್ಲಿ, ಗಾಳಿ ನೋಡಿ, ಸುತ್ತ ಜನ ನಿಲ್ಲಿಸಿಕೊಂಡು ಸುಡಬೇಕು. ಎಲ್ಲಿ, ಯಾವಾಗ ಅನ್ನುವುದನ್ನು ತಿಳಿದವರು ಪೋಡುಗಳಲ್ಲಿ ಈಗ ಮುದುಕರಾಗಿದ್ದಾರೆ. ಅವರು ಹೋದ ಮೇಲೆ ಯಾರನ್ನು ಕೇಳುವುದು?

ಕಾನೂನು ನಮ್ಮ ಕಡೆಗೂ ಇದೆ. 2006ರ ಅರಣ್ಯ ಹಕ್ಕು ಕಾಯಿದೆ ಸಮುದಾಯದ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕನ್ನು ಗ್ರಾಮಸಭೆಗೆ ಕೊಟ್ಟಿದೆ. 2011ರಲ್ಲಿ ಆ ಬೆಟ್ಟ ಹುಲಿ ಮೀಸಲು ಆಯಿತು; ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಪತ್ರ ಇದೆ, ಬೆಂಕಿಯ ಮಾತೆತ್ತಿದರೆ ಬಾಗಿಲು ಮುಚ್ಚುತ್ತದೆ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಬೆಂಕಿಯ ಯೋಜನೆ ಗ್ರಾಮಸಭೆಯಲ್ಲಿ ಕೂತು ಬರೆಯಬೇಕು, ಅಲ್ಲಿ ಪೋಡಿನ ಹಿರಿಯರು, ವಿಜ್ಞಾನಿಗಳು, ಇಲಾಖೆಯವರು ಸಮಸಮವಾಗಿ ಕೂರಬೇಕು. ಲಂಟಾನ ಕೀಳುವ ಕೆಲಸಕ್ಕೆ ಪೂರ್ತಿ ಕೂಲಿ ಕೊಡಬೇಕು. ಬೆಂಕಿ ಕಾವಲಿನ ಹುಡುಗರಿಗೆ ವಿಮೆ, ಬೂಟು, ವರ್ಷಪೂರ್ತಿ ಕೆಲಸ ಬೇಕು. ಇದಕ್ಕೆ ಕೇರಿ ಮತ್ತು ಪೋಡು ಒಟ್ಟಿಗೆ ನಿಲ್ಲಬೇಕು. ಮುಂದಿನ ಗ್ರಾಮಸಭೆಗೆ ಮನೆಗೊಬ್ಬರು ಬನ್ನಿ. ಹೆಂಗಸರು ಮುಂದೆ ಕೂರಲಿ.

ಜೈ ಭೀಮ್.