ಭಾವಕ್ಕೊಂದು ವಿಭಕ್ತಿ



ಶತಮಾನೋತ್ಸವದ ವೇದಿಕೆಯಲ್ಲಿ ಇಂಗ್ಲಿಷ್ ವ್ಯಾಕರಣದ ಮಾತೇಕೆ ಎಂದು ತಾವು ಕೇಳಬಹುದು. ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಬಾರದೆಂಬ ಅಂಜಿಕೆಯಿಂದಲೇ ಈ ಭಾಗದ ಎಷ್ಟೋ ತಂದೆತಾಯಿಗಳು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುತ್ತಿದ್ದಾರೆ. ಆ ಅಂಜಿಕೆಗೆ ಉತ್ತರ ಕೊಡಬೇಕಾದವರು ನಾವು. ಅದಕ್ಕಾಗಿ ಒಂದು ಚಿಕ್ಕ ವಿಷಯವನ್ನೇ ಆಯ್ದುಕೊಂಡಿದ್ದೇನೆ.

ಮಕ್ಕಳ ಉತ್ತರಪತ್ರಿಕೆಗಳಲ್ಲಿ ‘ಐ ಆ್ಯಮ್ ಆಂಗ್ರಿ ಆನ್ ಹಿಮ್’ ಎಂಬ ವಾಕ್ಯ ಮತ್ತೆ ಮತ್ತೆ ಕಾಣುತ್ತದೆ. ಇದು ದಡ್ಡತನವಲ್ಲ. ಕನ್ನಡದಲ್ಲಿ ಸಿಟ್ಟು ಒಬ್ಬರ ‘ಮೇಲೆ’ ಬರುತ್ತದೆ. ತೆಲುಗಿನಲ್ಲಿ ‘ಅತನಿ ಮೀದ ಕೋಪಂ’, ಉರ್ದುವಿನಲ್ಲಿ ‘ಉಸ್ ಪರ್ ಗುಸ್ಸಾ’. 1956ರ ನವೆಂಬರ್ 1ಕ್ಕೆ ಮೊದಲು ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಜಿಲ್ಲೆ ಬದಲಾಯಿತು, ರಾಜ್ಯವೂ ಬದಲಾಯಿತು. ಸಂತೆಯಲ್ಲಿ ಮಾತ್ರ ಮೂರು ಭಾಷೆಗಳೂ ಉಳಿದವು, ಮೂರರಲ್ಲಿಯೂ ಸಿಟ್ಟು ಮೇಲೆಯೇ ಕುಳಿತಿದೆ. ಇಂಗ್ಲಿಷಿನಲ್ಲಿ ವ್ಯಕ್ತಿಯಾದರೆ ‘ಆಂಗ್ರಿ ವಿತ್’, ಸಂಗತಿಯಾದರೆ ‘ಆಂಗ್ರಿ ಅಬೌಟ್’. ‘ಆ್ಯಟ್’ ಎಂಬುದೂ ಬಳಕೆಯಲ್ಲಿದೆ, ‘ಆನ್’ ಸಲ್ಲದು.

ಭಯದ ಕಥೆ ಇನ್ನೂ ಸ್ವಾರಸ್ಯಕರ. ನಾವು ಹಾವಿ‘ಗೆ’ ಹೆದರುತ್ತೇವೆ, ಅದು ಚತುರ್ಥೀ. ಸಂಸ್ಕೃತದಲ್ಲಿ ಭಯದ ಕಾರಣಕ್ಕೆ ಪಂಚಮಿಯನ್ನು ಪಾಣಿನಿ ವಿಧಿಸಿದ್ದಾನೆ. ಹಿಂದಿಯ ‘ಸಾಂಪ್ ಸೇ ಡರ್’ ಅದೇ ಜಾಡಿನದು. ಇಂಗ್ಲಿಷಿನವರಿಗೆ ‘ಅಫ್ರೇಡ್ ಆಫ್’. ಹಾವು ಅದೇ, ಹೆದರಿಕೆಯೂ ಅದೇ. ಇವುಗಳಲ್ಲಿ ಯಾವುದು ತರ್ಕಬದ್ಧವೆಂದು ಕೇಳಿ ಫಲವಿಲ್ಲ. ‘ಬಗ್ಗೆ’ ಎಂಬುದನ್ನು ನಂಬಿ ‘ಪ್ರೌಡ್ ಅಬೌಟ್’ ಎಂದು ಸಂದರ್ಶನದಲ್ಲಿ ಹೇಳುವ ನಮ್ಮ ಹುಡುಗಿಗೆ ‘ಪ್ರೌಡ್ ಆಫ್’ ಎಂದು ಮೊದಲೇ ಕಿವಿಗೆ ಬಿದ್ದಿರಬೇಕು, ಅಷ್ಟೇ.

ಕೆಲವೆಡೆ ಮಾತ್ರ ಅರ್ಥವೇ ಪಲ್ಲಟವಾಗುತ್ತದೆ. ‘ಸಾರಿ ಅಬೌಟ್’ ಎಂದರೆ ನಡೆದ ಸಂಗತಿಗೆ ವಿಷಾದ. ‘ಸಾರಿ ಫಾರ್ ಹಿಮ್’ ಎಂದರೆ ಅವನ ಬಗೆಗೆ ಕನಿಕರ. ಸ್ವಾಭಿಮಾನಿಯಾದ ಮನುಷ್ಯನಿಗೆ ಕನಿಕರ ತೋರಿದರೆ ಅವನು ನೊಂದುಕೊಳ್ಳಬಹುದು. ‘ಹ್ಯಾಪಿ ವಿತ್ ಯು’ ಎಂಬಲ್ಲಿ ನಿಮ್ಮಿಂದ ನನಗೆ ತೃಪ್ತಿ; ‘ಹ್ಯಾಪಿ ಫಾರ್ ಯು’ ಎಂಬಲ್ಲಿ ನಿಮ್ಮ ಏಳಿಗೆಯನ್ನು ಕಂಡು ನನಗೆ ಸಂತೋಷ. ಅಂಕಕ್ಕಿಂತ ಇಂಥ ಸೂಕ್ಷ್ಮವನ್ನು ಕಲಿಸುವುದೇ ಮುಖ್ಯವೆಂದು ನನ್ನ ಭಾವನೆ.

ಐವತ್ತು ಪದಗಳ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಆ ಪಟ್ಟಿ ಮರೆತುಹೋಗುತ್ತದೆ. ಮೊದಲು ಕನ್ನಡದ ವಿಭಕ್ತಿ ಗಟ್ಟಿಯಾಗಲಿ. ‘ಗೆ’, ‘ಇಂದ’, ‘ಅಲ್ಲಿ’ಗಳು ಮಾಡುವ ಕೆಲಸವನ್ನು ಅರಿತ ಮಗುವಿಗೆ ಇಂಗ್ಲಿಷಿನಲ್ಲಿ ಅದೇ ಕೆಲಸವನ್ನು ಪದದ ಹಿಂದೆ ನಿಂತ ಕಿರುಪದ ಮಾಡುತ್ತದೆಂದು ತಿಳಿಸುವುದು ಸುಲಭ. ಆಮೇಲೆ ‘ಅಫ್ರೇಡ್’ ಒಂದನ್ನೇ ಕಲಿಸದೆ ‘ಅಫ್ರೇಡ್ ಆಫ್’ ಎಂದು ಜೋಡಿಯಾಗಿಯೇ, ವಾಕ್ಯದಲ್ಲಿಯೇ ಕಲಿಸಬೇಕು.

ಪೋಷಕರಲ್ಲಿ ನನ್ನದೊಂದು ವಿನಂತಿ. ಇಂಗ್ಲಿಷ್ ಬಾರದೆಂದು ತಾವು ಸಂಕೋಚಪಡಬೇಡಿ. ಸಂಜೆ ಮಗುವನ್ನು ಕನ್ನಡದಲ್ಲಿಯೇ ಕೇಳಿ: ಇಂದು ಯಾರ ಮೇಲೆ ಸಿಟ್ಟು ಬಂತು, ಯಾತಕ್ಕೆ ಹೆದರಿದೆ? ಅದು ಕನ್ನಡದಲ್ಲಿ ಬಿಡಿಸಿ ಹೇಳಲಿ. ಮರುದಿನ ಅದೇ ಮಾತನ್ನು ಇಂಗ್ಲಿಷಿಗೆ ತರುವ ಹೊಣೆ ನಮ್ಮದು. ಹೈದರಾಬಾದು, ಬೆಂಗಳೂರುಗಳಲ್ಲಿ ಉದ್ಯೋಗದಲ್ಲಿರುವ ಹಿರಿಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಒಂದು ಗಂಟೆ ತರಗತಿಗೆ ಬಂದು ಈ ಮಕ್ಕಳೊಡನೆ ಇಂಗ್ಲಿಷಿನಲ್ಲಿ ಮಾತನಾಡಿರಿ. ತಪ್ಪಿದಲ್ಲಿ ನಗದೆ ತಿದ್ದಿರಿ.